ಖಾತೆಗೆ ಬಂದದ್ದೆಲ್ಲ ಬಡ್ಡಿಯಲ್ಲ

ಕಳೆದ ತಿಂಗಳು ಮೇಷ್ಟ್ರು ನಮ್ಮ ಆಫೀಸಿಗೆ ಬಂದಿದ್ದರು. ಹೈಸ್ಕೂಲಿನಲ್ಲಿ ನನಗೆ ಗಣಿತ ಹೇಳಿಕೊಟ್ಟವರು. ಈಗ ಅವರಿಗೆ ಎಪ್ಪತ್ತೆರಡು. ಅವರ ಇನ್‌ಕಂ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡುವವಳು ನಾನೇ. ಕುಳಿತ ಕೂಡಲೇ ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು ಮೇಜಿನ ಮೇಲೆ ಇಟ್ಟರು. ನಾಲ್ಕು ಎಂಟ್ರಿಗಳ ಪಕ್ಕ ಪೆನ್ಸಿಲ್ಲಿನಲ್ಲಿ ಟಿಕ್ ಹಾಕಿದ್ದರು. ಮೂರು ತಿಂಗಳಿಗೊಂದು ಎಂಟ್ರಿ. ಟಿಡಿಎಸ್ ಕಳೆದು ಒಂದೊಂದೂ ಇಪ್ಪತ್ಮೂರು ಸಾವಿರದ ಚಿಲ್ಲರೆ.

“ನೋಡಮ್ಮ, ಆ ಸೋಲಾರ್ ಟ್ರಸ್ಟಿಗೆ ಹತ್ತು ಲಕ್ಷ ಹಾಕಿದ್ದೆ. ಟಿಡಿಎಸ್ ಸೇರಿಸಿದ್ರೆ ವರ್ಷಕ್ಕೆ ಒಂದು ಲಕ್ಷ ಬಂದಿದೆ. ಹತ್ತು ಪರ್ಸೆಂಟ್ ಬಡ್ಡಿ! ಎಫ್‌ಡಿ ಮುರಿಸಿ ಅದನ್ನೂ ಇದಕ್ಕೇ ಹಾಕಿಬಿಡೋಣ ಅಂತಿದ್ದೀನಿ. ಅಸಲು ಹೇಗೂ ಅಲ್ಲೇ ಇರುತ್ತೆ, ಅಲ್ವಾ?”

ಆ ಕೊನೆಯ ಮಾತಿಗಾಗಿಯೇ ಈ ಅಂಕಣ. ಇದೇ ಮಾತನ್ನು ನಿವೃತ್ತ ಬ್ಯಾಂಕ್ ನೌಕರರ ಬಾಯಲ್ಲಿ ಕೇಳಿದ್ದೇನೆ, ಇಂಜಿನಿಯರ್‌ಗಳ ಬಾಯಲ್ಲಿ ಕೇಳಿದ್ದೇನೆ, ಕ್ಲಿನಿಕ್ ನಡೆಸುವ ಡಾಕ್ಟರ ಬಾಯಲ್ಲೂ ಕೇಳಿದ್ದೇನೆ. ಲೆಕ್ಕ ಬಾರದವರು ಅವರಲ್ಲಿ ಯಾರೂ ಇಲ್ಲ. ಆದರೂ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಅಸಲು ಅಲ್ಲೇ ಇರುವುದಿಲ್ಲ. ಪ್ರತಿ ಸಲ ಖಾತೆಗೆ ಬೀಳುವ ದುಡ್ಡಿನಲ್ಲಿ ಒಂದು ಪಾಲು ಆ ಅಸಲೇ.

ಇಂಥ ಟ್ರಸ್ಟಿಗೆ ಇನ್ವಿಟ್ ಎನ್ನುತ್ತಾರೆ. ಹಲವರ ದುಡ್ಡು ಕೂಡಿಸಿ ಸೋಲಾರ್ ಘಟಕ, ಕರೆಂಟ್ ಲೈನುಗಳಂಥವನ್ನು ಕೊಂಡು, ಅದರಿಂದ ಬಂದ ದುಡ್ಡನ್ನು ಹಂಚುವ ಟ್ರಸ್ಟ್. ಅದರಲ್ಲಿ ನಾವು ಕೊಳ್ಳುವ ಪಾಲೇ ಯೂನಿಟ್. ಡಿಮ್ಯಾಟ್‌ನಲ್ಲಿ ಅದನ್ನು ಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಅದು ಎಲ್ಲ ಕಡೆ ಸಿಗುತ್ತದೆ. ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಇದಕ್ಕೆ ನಿಯಮ ಮಾಡಿದ್ದು 2014ರಲ್ಲಿ. ಮೊದಲು ಇದು ದೊಡ್ಡ ದುಡ್ಡಿನವರ ವ್ಯವಹಾರವಾಗಿತ್ತು. 2021ರಲ್ಲಿ ಕನಿಷ್ಠ ಹೂಡಿಕೆಯನ್ನು ₹10,000–15,000ದ ಮಟ್ಟಕ್ಕೆ ಇಳಿಸಿ, ಮಾರುಕಟ್ಟೆಯಲ್ಲಿ ಒಂದೇ ಒಂದು ಯೂನಿಟ್ ಕೂಡ ಕೊಳ್ಳಬಹುದು ಎಂದ ಮೇಲೆ ಪಿಂಚಣಿದಾರರೂ ಬಂದರು. 2017ರಲ್ಲಿ ಲಿಸ್ಟ್ ಆದ ಇಂಡಿಗ್ರಿಡ್ ಎಂಬ ಇನ್ವಿಟ್ ಶುರುವಾದದ್ದು ಕರೆಂಟ್ ಸಾಗಿಸುವ ಲೈನುಗಳಿಂದ. 2021ರಲ್ಲಿ ಅದು ಆಂಧ್ರದ ಅನಂತಪುರ ಸೋಲಾರ್ ಪಾರ್ಕಿನ 100 ಮೆಗಾವ್ಯಾಟ್ ಘಟಕಗಳನ್ನು ಕೊಂಡಿತು. 2023ರಲ್ಲಿ ವಿರೆಸೆಂಟ್ ಎಂಬ ಸೋಲಾರ್ ಟ್ರಸ್ಟನ್ನೇ ಕೊಂಡಿತು. ಇದನ್ನು ಕೊಳ್ಳಿ, ಅದನ್ನು ಮಾರಿ ಎಂದು ನಾನು ಹೇಳುತ್ತಿಲ್ಲ. ನನ್ನ ಮಾತು ಬರುವ ದುಡ್ಡಿನ ಬಗ್ಗೆ ಮಾತ್ರ.

ಕಂಪನಿಯೊಂದು ಡಿವಿಡೆಂಡ್ ಕೊಡುವುದು ಲಾಭದಲ್ಲಿ. ಲಾಭ ಲೆಕ್ಕ ಹಾಕುವ ಮೊದಲು ಯಂತ್ರಗಳ ಸವಕಳಿ ಕಳೆಯಬೇಕು. ಇನ್ವಿಟ್ ಹಂಚುವುದು ಲಾಭವನ್ನಲ್ಲ, ಕೈಗೆ ಬಂದ ನಗದನ್ನು. ಹಂಚಬಹುದಾದ ನಗದಿನಲ್ಲಿ ಶೇ 90ರಷ್ಟನ್ನಾದರೂ ಯೂನಿಟ್ ಇದ್ದವರಿಗೆ ಕೊಡಲೇಬೇಕು ಎಂಬುದು ನಿಯಮ. ಏಜೆಂಟರು ಇದನ್ನು ದೊಡ್ಡ ವರ ಎಂಬಂತೆ ಹೇಳುತ್ತಾರೆ. ಒಂದು ರೀತಿಯಲ್ಲಿ ನಿಜ, ಆಡಳಿತ ಮಂಡಳಿ ದುಡ್ಡನ್ನು ಕೂಡಿಟ್ಟುಕೊಂಡು ಕೂರುವಂತಿಲ್ಲ. ಆದರೆ ಪ್ಯಾನೆಲ್ ಹಳೆಯದಾಗುತ್ತಿದೆಯಲ್ಲ, ಅದರ ಬದಲಿಗೆ ಎತ್ತಿಡಬೇಕಾದ ದುಡ್ಡೂ ಆ ಶೇ 90ರ ಜೊತೆಗೇ ನಮ್ಮ ಮನೆಗೆ ಬರುತ್ತಿದೆ. ಅದನ್ನು ನಾವು ಬಡ್ಡಿ ಎಂದುಕೊಂಡು ತಿಂದುಬಿಡುತ್ತೇವೆ.

ಮೇಷ್ಟ್ರ ಪ್ಲಾಸ್ಟಿಕ್ ಕವರಿನಲ್ಲೇ ಇನ್ನೊಂದು ಕಾಗದವಿತ್ತು. ಮೂರು ತಿಂಗಳ ಒಂದು ಕಂತಿನ ಬಗ್ಗೆ ಟ್ರಸ್ಟ್ ಇ-ಮೇಲ್‌ನಲ್ಲಿ ಕಳಿಸಿದ್ದ ವಿವರ. ಮಗ ಪ್ರಿಂಟ್ ತೆಗೆದುಕೊಟ್ಟಿದ್ದ. ಮಡಿಕೆ ಕೂಡ ಬಿಚ್ಚಿರಲಿಲ್ಲ. ಬಿಚ್ಚಿದರೆ ಮೂರು ಸಾಲು. ಬಡ್ಡಿ ₹15,000. ಡಿವಿಡೆಂಡ್ ₹2,500. ಮೂರನೆಯ ಸಾಲಿನಲ್ಲಿ ‘ಸಾಲದ ಮರುಪಾವತಿ’ ₹7,500. ನಾನು ಆ ಮೂರನೆಯ ಸಾಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ.

“ಇದು ಯಾರ ಸಾಲ?” ಎಂದರು ಮೇಷ್ಟ್ರು.

“ನಿಮ್ಮದೇ ಸಾರ್. ನೀವು ಕೊಟ್ಟದ್ದು.”

ಇದರ ಒಳಗುಟ್ಟು ಇಷ್ಟೇ. ನೀವು ಟ್ರಸ್ಟಿಗೆ ದುಡ್ಡು ಕೊಡುತ್ತೀರಿ. ಟ್ರಸ್ಟ್ ಅದರಲ್ಲಿ ಹೆಚ್ಚು ಪಾಲನ್ನು ಸೋಲಾರ್ ಘಟಕ ನಡೆಸುವ ತನ್ನ ಕಂಪನಿಗೆ ಸಾಲವಾಗಿ ಕೊಡುತ್ತದೆ. ಆ ಕಂಪನಿ ಕರೆಂಟ್ ಮಾರಿದ ದುಡ್ಡಿನಲ್ಲಿ ಬಡ್ಡಿ ಕಟ್ಟುತ್ತದೆ, ಅಸಲನ್ನೂ ಸ್ವಲ್ಪ ಸ್ವಲ್ಪ ತೀರಿಸುತ್ತದೆ. ಟ್ರಸ್ಟ್ ಎರಡನ್ನೂ ಒಟ್ಟಿಗೆ ನಿಮ್ಮ ಖಾತೆಗೆ ಹಾಕುತ್ತದೆ. ಪಾಸ್‌ಬುಕ್ಕಿನಲ್ಲಿ ಕಾಣುವುದು ಒಂದೇ ಅಂಕಿ.

ಇಎಂಐ ಕಟ್ಟದವರು ಯಾರಿದ್ದಾರೆ? ಮನೆ ಸಾಲಕ್ಕೆ ತಿಂಗಳಿಗೆ ಇಷ್ಟು ಅಂತ ಕಟ್ಟುತ್ತೀರಿ. ಅದರಲ್ಲಿ ಬಡ್ಡಿ ಇಷ್ಟು, ಅಸಲು ಇಷ್ಟು. ಇಪ್ಪತ್ತು ವರ್ಷ ಆದ ಮೇಲೆ ಸಾಲ ತೀರುತ್ತದೆ, ಬ್ಯಾಂಕಿಗೆ ಮತ್ತೆ ಏನೂ ಬರುವುದಿಲ್ಲ. ನೀವು ಕಟ್ಟಿದ ಇಎಂಐ ಪೂರ್ತಿ ತನ್ನ ಗಳಿಕೆ ಎಂದು ಬ್ಯಾಂಕ್ ಯಾವತ್ತೂ ಬರೆದುಕೊಳ್ಳುವುದಿಲ್ಲ. ಸೋಲಾರ್ ಟ್ರಸ್ಟಿನಲ್ಲಿ ಬ್ಯಾಂಕಿನ ಜಾಗದಲ್ಲಿ ಕುಳಿತಿರುವವರು ನೀವು. ನಿಮಗೆ ಬರುತ್ತಿರುವುದು ಇಎಂಐ.

ಇದನ್ನು ಇನ್ನೂ ಸ್ವಲ್ಪ ಎಳೆದು ಹೇಳುತ್ತೇನೆ, ಬೇಸರ ಬೇಡ. ಸೋಲಾರ್ ಘಟಕಗಳ ಕರೆಂಟ್ ಖರೀದಿ ಒಪ್ಪಂದ, ಅಂದರೆ ಪಿಪಿಎ, ಸಾಮಾನ್ಯವಾಗಿ 25 ವರ್ಷದ್ದು. ದರವೂ ಬಹುಪಾಲು ಮೊದಲ ದಿನವೇ ಗೊತ್ತುಮಾಡಿದ್ದು. ಟ್ರಸ್ಟ್ ಕೊಳ್ಳುವ ಹೊತ್ತಿಗೆ ಅದರಲ್ಲಿ ಕೆಲವು ವರ್ಷ ಕಳೆದಿರುತ್ತವೆ. ಈಗ ಮೂರು ಘಟಕಗಳಿವೆ ಅಂದುಕೊಳ್ಳಿ. ಮೂರಕ್ಕೂ ನೀವು ₹10 ಲಕ್ಷ ಹಾಕುತ್ತೀರಿ. ಮೂರೂ ವರ್ಷಕ್ಕೆ ₹1 ಲಕ್ಷ ಕೊಡುತ್ತವೆ. ಅವಧಿ ಮುಗಿದ ಮೇಲೆ ಯಾವುದರಲ್ಲೂ ಏನೂ ಉಳಿಯುವುದಿಲ್ಲ. ಮೊದಲನೆಯದರಲ್ಲಿ ಇನ್ನೂ 20 ವರ್ಷ ಬಾಕಿ ಇದ್ದರೆ, ನಿಮಗೆ ನಿಜವಾಗಿ ಸಿಕ್ಕ ಬಡ್ಡಿ ವರ್ಷಕ್ಕೆ ಸುಮಾರು ಶೇ 7.75. ಎರಡನೆಯದರಲ್ಲಿ 15 ವರ್ಷ ಬಾಕಿ ಇದ್ದರೆ ಸುಮಾರು ಶೇ 5.5. ಮೂರನೆಯದರಲ್ಲಿ 10 ವರ್ಷ ಮಾತ್ರ ಬಾಕಿ. ಹತ್ತು ವರ್ಷದಲ್ಲಿ ಹತ್ತು ಲಕ್ಷ ಬಂತು. ಬಡ್ಡಿ ಸೊನ್ನೆ. ಪಾಸ್‌ಬುಕ್ಕಿನಲ್ಲಿ ಮಾತ್ರ ಮೂರೂ ‘ಹತ್ತು ಪರ್ಸೆಂಟ್’.

ಮೇಷ್ಟ್ರು ಈ ಲೆಕ್ಕವನ್ನು ನನ್ನ ಕೈಯಿಂದ ಕಿತ್ತುಕೊಂಡು ತಾವೇ ಇನ್ನೊಮ್ಮೆ ಮಾಡಿದರು. ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. ಹತ್ತು ವರ್ಷದ ಘಟಕಕ್ಕೆ ಬಂದಾಗ ಪೆನ್ನು ಕೆಳಗಿಟ್ಟರು.

ಇದಕ್ಕೆ ಹೋಲಿಸಿ ನೋಡಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 2023ರ ಏಪ್ರಿಲ್‌ನಲ್ಲಿ ಶೇ 8.2 ಬಡ್ಡಿ ನಿಗದಿಯಾಯಿತು. ಆ ದರದಲ್ಲಿ ಹಾಕಿದವರಿಗೆ ಐದು ವರ್ಷವೂ ಅದೇ ಬಡ್ಡಿ. ಬರುವುದು ಪೂರ್ತಿ ಬಡ್ಡಿಯೇ, ಐದು ವರ್ಷದ ಕೊನೆಗೆ ಹಾಕಿದ ದುಡ್ಡು ಅಷ್ಟೂ ವಾಪಸ್. 8.2 ಚಿಕ್ಕದು, 10 ದೊಡ್ಡದು ಎಂದು ಅಳೆಯಲು ಬರುವುದಿಲ್ಲ. ಅವೆರಡೂ ಬೇರೆ ಬೇರೆ ಜಾತಿಯ ಅಂಕಿಗಳು.

ನಮ್ಮ ತಾಯಿಯ ಕಡೆಯವರು ಪಾವಗಡದವರು. ಸೋಲಾರ್ ಅಂದರೆ ನನಗೆ ಮೊದಲು ನೆನಪಾಗುವುದು ತಿರುಮಣಿ, ವಳ್ಳೂರು ಕಡೆಯ ಆ ಕೆಂಪು ನೆಲ. ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಅಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ ₹21,000, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಒಮ್ಮೆ ನಾನು ಬೆಳಿಗ್ಗೆ ಹೊತ್ತು ಆ ದಾರಿಯಲ್ಲಿ ಹೋಗುವಾಗ ಹೆಂಗಸರು ಉದ್ದ ಕೋಲಿನ ಬ್ರಷ್ ಹಿಡಿದು ಪ್ಯಾನೆಲ್ ಮೇಲಿನ ಧೂಳು ತೊಳೆಯುತ್ತಿದ್ದರು. ತೊಳೆದ ಸಾಲು ನೀಲಿ, ತೊಳೆಯದ ಸಾಲು ಮಣ್ಣಿನ ಬಣ್ಣ. ಅಲ್ಲಿ ಜಮೀನು ಕೊಟ್ಟವರ ಕಷ್ಟಸುಖ ಬೇರೆ ಇದೆ. ಸ್ವಂತ ಭೂಮಿಯಿಲ್ಲದ ಕೂಲಿಯವರ ಗೋಳು ಇನ್ನೂ ಬೇರೆ. ಅದನ್ನು ಇಲ್ಲಿ ಎರಡು ಸಾಲಿನಲ್ಲಿ ಮುಗಿಸಿದರೆ ಅವರಿಗೆ ಅನ್ಯಾಯ. ಆದರೆ ಲೆಕ್ಕದ ಮಟ್ಟಿಗೆ ಒಂದು ಮಾತು ಹೇಳಬೇಕು. ಗುತ್ತಿಗೆ ಮುಗಿದಾಗ ಆ ರೈತನ ಎಕರೆ ಎಕರೆಯಾಗಿಯೇ ಅವನಿಗೆ ಸಿಗುತ್ತದೆ. ಅವನಿಗೆ ಬರುತ್ತಿರುವುದು ಪೂರ್ತಿ ಬಾಡಿಗೆ. ಅದೇ ನೆಲದ ಮೇಲಿನ ಪ್ಯಾನೆಲ್‌ಗಳಲ್ಲಿ ದುಡ್ಡು ಹಾಕಿದವನಿಗೆ ಕೊನೆಗೆ ಸಿಗುವುದು ಹಳೆಯ ಗಾಜು, ಅಲ್ಯೂಮಿನಿಯಂ ಚೌಕಟ್ಟು. ಅವನ ನೆಲ ಕಂತುಕಂತಾಗಿ ಆಗಲೇ ಅವನ ಖಾತೆಗೆ ಬಂದು ಹೋಗಿರುತ್ತದೆ. ಎರಡನ್ನೂ ‘ಸೋಲಾರ್ ಆದಾಯ’ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ, ತೊಂದರೆ ಅಲ್ಲೇ ಶುರು.

ಇನ್ನೊಂದು ಪಕ್ಷದ ಮಾತನ್ನೂ ಹೇಳಬೇಕು. ಟ್ರಸ್ಟುಗಳು ಸುಮ್ನೆ ಕೂತಿರುವುದಿಲ್ಲ. ಸಾಲ ತೆಗೆದು, ಹೊಸ ಯೂನಿಟ್ ಮಾರಿ, ಹೊಸ ಘಟಕಗಳನ್ನು ಕೊಳ್ಳುತ್ತಾ ಹೋಗುತ್ತವೆ. ಹಾಗಾಗಿ ಯೂನಿಟ್ಟಿನ ಬೆಲೆ ನನ್ನ ಉದಾಹರಣೆಯಂತೆ ನೆಟ್ಟಗೆ ಸೊನ್ನೆಗೆ ಇಳಿಯುತ್ತದೆ ಎಂದೇನಿಲ್ಲ. ಕರೆಂಟ್ ಲೈನುಗಳ ಆಯಸ್ಸು ಪ್ಯಾನೆಲ್‌ಗಿಂತ ಜಾಸ್ತಿ. ಪಿಪಿಎ ಮುಗಿದ ಮೇಲೂ ಪ್ಯಾನೆಲ್ ಸ್ವಲ್ಪ ಕರೆಂಟ್ ಕೊಡುತ್ತದೆ. ಆದರೆ ಆಗ ಯಾವ ದರ? 2010ರ ಸುಮಾರಿಗೆ ಸೋಲಾರ್ ಕರೆಂಟ್ ಯೂನಿಟ್ಟಿಗೆ ಹತ್ತು ರೂಪಾಯಿಗೂ ಮೇಲೆ ಹರಾಜಾಗಿತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ₹2.44ಕ್ಕೆ ಬಂತು. 2020ರಲ್ಲಿ ಗುಜರಾತಿನ ಹರಾಜಿನಲ್ಲಿ ₹1.99 ಆಯಿತು. ಹಳೆಯ ಒಳ್ಳೆಯ ದರ ಮುಗಿದ ಮೇಲೆ ಅದೇ ದರ ಮತ್ತೆ ಸಿಗುತ್ತದೆ ಎಂದು ನಂಬಲು ನನಗೆ ಧೈರ್ಯ ಸಾಲದು.

ಮೂರು ಸಾಲುಗಳನ್ನು ನೋಡಿದರೆ ಕೆಲಸ ಮುಗಿಯಿತು ಎಂದೂ ಅಲ್ಲ. ಟ್ರಸ್ಟ್ ತನ್ನ ಕಂಪನಿಗೆ ಹೇಗೆ ಸಾಲ ಕೊಟ್ಟಿದೆ ಎನ್ನುವುದರ ಮೇಲೆ ಆ ಸಾಲುಗಳು ನಿಂತಿವೆ. ಕೆಲವು ವರ್ಷ ಪೂರ್ತಿ ದುಡ್ಡು ‘ಬಡ್ಡಿ’ ಎಂದೇ ಬರಬಹುದು. ಆಗಲೂ ಪ್ಯಾನೆಲ್‌ಗೆ ವಯಸ್ಸಾಗುತ್ತಲೇ ಇರುತ್ತದೆ. ಅದಕ್ಕೇ ಇನ್ನೆರಡನ್ನು ನೋಡಿ ಎನ್ನುತ್ತೇನೆ. ಘಟಕಗಳ ಪಿಪಿಎಯಲ್ಲಿ ಸರಾಸರಿ ಎಷ್ಟು ವರ್ಷ ಬಾಕಿ ಇದೆ, ಮತ್ತು ಸ್ವತಂತ್ರ ಮೌಲ್ಯಮಾಪಕರು ಕೊಡುವ ಯೂನಿಟ್ಟಿನ ನಿವ್ವಳ ಮೌಲ್ಯ, ಅಂದರೆ ಎನ್‌ಎವಿ, ವರ್ಷದಿಂದ ವರ್ಷಕ್ಕೆ ಎತ್ತ ಹೋಗುತ್ತಿದೆ. ಕೈತುಂಬ ಹಂಚುತ್ತಿದ್ದು ಎನ್‌ಎವಿ ಮಾತ್ರ ಇಳಿಯುತ್ತಿದ್ದರೆ, ಯಾರ ಗಂಟು ಕರಗುತ್ತಿದೆ ಎಂದು ಬೇರೆ ಹೇಳಬೇಕಿಲ್ಲ.

‘ಅದರಲ್ಲಿ ಒಂದು ಭಾಗಕ್ಕೆ ಟ್ಯಾಕ್ಸೇ ಇಲ್ಲ’ ಎಂದು ಹೇಳಿ ಮಾರುವುದನ್ನು ಕೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಟ್ಯಾಕ್ಸ್ ಯಾಕಿಲ್ಲ? ಅದು ಆದಾಯವೇ ಅಲ್ಲ, ಅದಕ್ಕೆ. ನೆಂಟರಿಗೆ ಕೊಟ್ಟ ಕೈಸಾಲ ವಾಪಸ್ ಬಂದರೆ ಟ್ಯಾಕ್ಸ್ ಕಟ್ಟುತ್ತೀರಾ? 2023ರ ಬಜೆಟ್ ನಂತರ ನಿಯಮವೂ ಸ್ಪಷ್ಟವಾಗಿದೆ. ಮರುಪಾವತಿಯ ಮೊತ್ತ ನಿಮ್ಮ ಕೊಂಡ ಬೆಲೆಯಿಂದ ಕಳೆಯುತ್ತಾ ಹೋಗುತ್ತದೆ. ಮುಂದೆ ಮಾರಿದಾಗ ಲಾಭ ಅಷ್ಟು ಜಾಸ್ತಿ ಕಾಣುತ್ತದೆ, ಆಗ ಅದಕ್ಕೆ ಕ್ಯಾಪಿಟಲ್ ಗೇನ್ಸ್. ಒಟ್ಟು ಮರುಪಾವತಿ ಟ್ರಸ್ಟ್ ಮೊದಲು ಯೂನಿಟ್ ಮಾರಿದ ಬೆಲೆಯನ್ನು ದಾಟಿದರೆ ಹೆಚ್ಚಿನದಕ್ಕೆ ನೇರ ತೆರಿಗೆಯೂ ಬರಬಹುದು. ಬಡ್ಡಿಯ ಸಾಲಿಗೆ ನಿಮ್ಮ ಸ್ಲ್ಯಾಬಿನಂತೆ ತೆರಿಗೆ. ಡಿವಿಡೆಂಡಿನದು ಕಂಪನಿ ಯಾವ ತೆರಿಗೆ ಪದ್ಧತಿಯಲ್ಲಿದೆ ಎಂಬುದರ ಮೇಲೆ. ನಿಮ್ಮ ಕಾಗದಗಳನ್ನು ನಿಮ್ಮ ಆಡಿಟರಿಗೆ ಒಮ್ಮೆ ತೋರಿಸಿ. ನನ್ನ ನಾಲ್ಕು ಸಾಲು ಓದಿ ರಿಟರ್ನ್ ತುಂಬಬೇಡಿ.

ಉಳಿದ ಅಪಾಯಗಳೂ ಇವೆ. ಕರೆಂಟ್ ಕೊಳ್ಳುವ ಎಸ್ಕಾಂಗಳು ದುಡ್ಡು ತಡ ಮಾಡುವುದು ಹೊಸದಲ್ಲ. 2019ರಲ್ಲಿ ಆಂಧ್ರ ಸರ್ಕಾರ ಹಳೆಯ ಪಿಪಿಎಗಳ ದರ ಇಳಿಸಲು ಹೊರಟಿತ್ತು, 2022ರಲ್ಲಿ ಅಲ್ಲಿನ ಹೈಕೋರ್ಟ್ ಉತ್ಪಾದಕರ ಪರವಾಗಿ ತೀರ್ಪು ಕೊಟ್ಟಿತು. ಮಧ್ಯದ ವರ್ಷಗಳು ಹೇಗಿದ್ದಿರಬಹುದು, ಯೋಚಿಸಿ. ಇನ್ನು ಬಡ್ಡಿ ದರ. ಲಂಡನ್ ಮಾರುಕಟ್ಟೆಯಲ್ಲಿ ಬ್ಲೂಫೀಲ್ಡ್, ಫೋರ್‌ಸೈಟ್, ನೆಕ್ಸ್ಟ್‌ಎನರ್ಜಿ ಎಂಬ ಸೋಲಾರ್ ಫಂಡ್‌ಗಳು 2013–14ರಲ್ಲಿ ಲಿಸ್ಟ್ ಆದವು. ಮೂರೂ ಶುರುವಾದದ್ದು 100 ಪೆನ್ಸಿನಿಂದ. ಅಲ್ಲಿನ ಕೇಂದ್ರ ಬ್ಯಾಂಕಿನ ಬಡ್ಡಿ ದರ 2021ರ ಡಿಸೆಂಬರ್ ಮಧ್ಯದವರೆಗೆ ಇದ್ದ ಶೇ 0.1ರಿಂದ 2023ರಲ್ಲಿ ಶೇ 5.25ಕ್ಕೆ ಏರಿದ ಮೇಲೆ, ಡಿವಿಡೆಂಡ್ ಬರುತ್ತಿದ್ದರೂ ಶೇರಿನ ಬೆಲೆ ಶುರುವಿನ ಬೆಲೆಗಿಂತ ಕೆಳಗೆ ಹೋಯಿತು. ಬೆಲೆ ಬಿದ್ದಾಗ ಡಿವಿಡೆಂಡಿನ ಶೇಕಡಾ ಲೆಕ್ಕ ತಾನಾಗಿಯೇ ದೊಡ್ಡದಾಗುತ್ತದೆ. ರೆಡಿಂಗ್‌ನಲ್ಲಿರುವ ನನ್ನ ಸೋದರತ್ತೆಯ ಮಗ ಆ ದೊಡ್ಡ ಶೇಕಡಾವನ್ನು ವಾಟ್ಸಾಪ್‌ನಲ್ಲಿ ಕಳಿಸಿ “ಅಕ್ಕ, ಕೊಳ್ಳಲಾ?” ಎಂದು ಕೇಳಿದ. ಎಷ್ಟು ವರ್ಷದ ಸಬ್ಸಿಡಿ ಬಾಕಿ ಇದೆ ನೋಡು, ಎನ್‌ಎವಿ ನೋಡು, ಆಮೇಲೆ ಕೇಳು ಎಂದೆ. ದೇಶ ಬೇರೆ, ಪ್ಯಾನೆಲ್‌ನ ವಯಸ್ಸು ಒಂದೇ.

ಮೇಷ್ಟ್ರಿಗೆ ನಾನು ಯೂನಿಟ್ ಮಾರಿ ಎನ್ನಲಿಲ್ಲ. ಅವರಿಗೆ ಪಿಂಚಣಿ ಇದೆ, ಮನೆ ಸ್ವಂತದ್ದು. ಹತ್ತು ಲಕ್ಷದ ಮಟ್ಟಿಗೆ ಇದು ಅವರಿಗೆ ಒಗ್ಗುವ ಹೂಡಿಕೆಯೇ. ಎಫ್‌ಡಿ ಮುರಿಸುವುದು ಬೇಡ ಎಂದೆ. ಮೂರನೆಯ ಸಾಲಿನ ದುಡ್ಡನ್ನು ಮನೆ ಖರ್ಚಿಗೆ ಸೇರಿಸಬೇಡಿ, ಬಂದ ದಿನವೇ ಬೇರೆ ಎತ್ತಿಡಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹೋದ ವರ್ಷದ ಮೂವತ್ತು ಸಾವಿರ ಮೊಮ್ಮಗಳ ಓಲೆಗೆ ಹೋಯ್ತಲ್ಲಮ್ಮ” ಎಂದರು. ಅದು ಒಳ್ಳೆಯ ಖರ್ಚೇ ಸಾರ್, ಅಸಲಿನಿಂದ ಕೊಟ್ಟಿದ್ದೀರಿ ಎಂದು ಗೊತ್ತಿದ್ದರೆ ಸಾಕು ಎಂದೆ.

ಮೊನ್ನೆ ಫೋನ್ ಮಾಡಿದ್ದರು. ಪೋಸ್ಟಾಫೀಸಿನಲ್ಲಿ ತಿಂಗಳಿಗೆ ₹2,500ರ ಆರ್‌ಡಿ ಶುರು ಮಾಡಿದ್ದಾರಂತೆ. ಪಾಸ್‌ಬುಕ್ಕಿನ ಮೇಲೆ ‘ಪ್ಯಾನೆಲ್’ ಎಂದು ಬರೆದಿದ್ದಾರಂತೆ.