ಎಸ್‌ಸಿಸಿ ಇಳಿದಿದೆ, ಇನ್ನು ಚೆಕಪ್ ಬೇಕಾ?

ಪ್ರಶ್ನೆ: ನಮ್ಮತ್ತೆಗೆ ಗರ್ಭಕಂಠದ ಕ್ಯಾನ್ಸರ್ ಇತ್ತು. ಮೈಸೂರಿನಲ್ಲಿ ಕೀಮೋ, ರೇಡಿಯೇಷನ್ ಎರಡೂ ಮುಗಿದಿವೆ. ರಕ್ತದ ಟೆಸ್ಟ್‌ನಲ್ಲಿ ಮೊದಲು 14 ಇದ್ದ ಎಸ್‌ಸಿಸಿ ಈಗ 1.2ಕ್ಕೆ ಬಂದಿದೆ. ತೋಟದಲ್ಲಿ ಕಾಫಿ ಕೊಯ್ಲು ನಡೀತಿದೆ. ಗೋಣಿಕೊಪ್ಪದಲ್ಲೇ ರಕ್ತ ಕೊಟ್ಟು, ಚೆಕಪ್ ಬಿಡಬಹುದಾ?

ಉತ್ತರ: 14ರಿಂದ 1.2ಕ್ಕೆ ಇಳಿದಿರುವುದು ಒಳ್ಳೆಯ ಸುದ್ದಿ. ಅತ್ತೆಗೂ ಹೇಳಿ, ಖುಷಿಪಡಲಿ. ಆದರೆ ಚೆಕಪ್ ಮಾತ್ರ ಬಿಡಬೇಡಿ.

ಎಸ್‌ಸಿಸಿ ಅನ್ನೋದು ಒಂದು ಪ್ರೋಟೀನ್. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಸ್ಕ್ವಾಮಸ್ ಜಾತಿಯವು, ಅಂದರೆ ಮೇಲ್ಪದರದ ಚಪ್ಪಟೆ ಕೋಶಗಳಲ್ಲಿ ಶುರುವಾಗುವಂಥವು. ಆ ಗಡ್ಡೆಯಿಂದ ಇದು ರಕ್ತಕ್ಕೆ ಸೇರುತ್ತದೆ. ಎಷ್ಟೋ ಲ್ಯಾಬ್‌ಗಳಲ್ಲಿ ಒಂದು ಎಂ.ಎಲ್. ರಕ್ತದಲ್ಲಿ 1.5 ನ್ಯಾನೋಗ್ರಾಂ ಆಸುಪಾಸಿನವರೆಗೆ ನಾರ್ಮಲ್. ಚಿಕಿತ್ಸೆಗೆ ಮೊದಲೇ ತುಂಬಾ ಜಾಸ್ತಿ ಇದ್ದರೆ ಗಡ್ಡೆ ದೊಡ್ಡದಿರಬಹುದು, ದುಗ್ಧರಸ ಗ್ರಂಥಿಗಳಿಗೂ (ಲಿಂಫ್ ನೋಡ್) ಹರಡಿರಬಹುದು. ಹಾಗಂತ ಸ್ಟೇಜ್ ತೀರ್ಮಾನಿಸುವುದು ಈ ನಂಬರ್ ಅಲ್ಲ, ಡಾಕ್ಟರ್ ಮಾಡುವ ಪರೀಕ್ಷೆ ಮತ್ತು ಸ್ಕ್ಯಾನ್.

ಚಿಕಿತ್ಸೆ ಮುಗಿದ ಮೇಲೆ ನೋಡಬೇಕಾದ್ದು ನಂಬರ್ ಯಾವ ಕಡೆಗೆ ಹೋಗ್ತಿದೆ ಅನ್ನೋದನ್ನು. ಇಳಿಯದೇ ಉಳಿದರೆ ರೋಗ ಇನ್ನೂ ಇದೆಯೇನೋ ಅಂತ ಹುಡುಕುತ್ತಾರೆ. ಇಳಿದದ್ದು ಮತ್ತೆ ಮತ್ತೆ ಏರುತ್ತಾ ಹೋದರೆ ಕ್ಯಾನ್ಸರ್ ಮರಳಿರಬಹುದು. ಕೆಲವರಲ್ಲಿ ನೋವು, ರಕ್ತಸ್ರಾವ ಶುರುವಾಗುವ ಮುಂಚೆಯೇ ಈ ಏರಿಕೆ ಕಾಣುತ್ತದೆ. ಮೊದಲಿಗೆ 14 ಇದ್ದದ್ದರಿಂದ ನಿಮ್ಮತ್ತೆಗೆ ಈ ಟೆಸ್ಟ್ ಉಪಯೋಗಕ್ಕೆ ಬರುತ್ತದೆ. ಶುರುವಿನಲ್ಲೇ ನಾರ್ಮಲ್ ಇದ್ದವರಿಗೆ ಅಷ್ಟು ಪ್ರಯೋಜನವಿಲ್ಲ. ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮ (ಗ್ರಂಥಿಯ ಕೋಶಗಳಲ್ಲಿ ಶುರುವಾಗುವ ಇನ್ನೊಂದು ಜಾತಿ) ಅಂತ ಬಂದಿದ್ದರೆ ಸಾಮಾನ್ಯವಾಗಿ ಸಿಎ-125, ಸಿಇಎ ಅನ್ನೋ ಬೇರೆ ರಕ್ತದ ಟೆಸ್ಟ್ ನೋಡುತ್ತಾರೆ.

ಇನ್ನು, ಒಂದು ಸಲ ಏರಿದ ಕೂಡಲೇ ಮನೆಯಲ್ಲಿ ಅಳು ಶುರುವಾಗುವುದು ಬೇಡ. ಸೋರಿಯಾಸಿಸ್, ಎಕ್ಸಿಮಾದಂಥ ಚರ್ಮರೋಗ ಇದ್ದರೂ, ಕಿಡ್ನಿ ಕೆಟ್ಟಿದ್ದರೂ ಎಸ್‌ಸಿಸಿ ಏರುತ್ತದೆ. ಚರ್ಮದಲ್ಲಿ, ಎಂಜಲಿನಲ್ಲಿ ಕೂಡ ಈ ಪ್ರೋಟೀನ್ ಇರುವುದರಿಂದ ಸ್ಯಾಂಪಲ್‌ಗೆ ಬೆರಳು ತಾಗಿದರೂ ಲೆಕ್ಕ ತಪ್ಪಬಹುದು. ಅದಕ್ಕೇ ಮತ್ತೊಮ್ಮೆ ಟೆಸ್ಟ್ ಮಾಡಿಸುತ್ತಾರೆ.

ಗೋಣಿಕೊಪ್ಪದಲ್ಲಿ ರಕ್ತ ಕೊಡಬಹುದು, ಆದರೆ ಪ್ರತಿ ಸಲ ಒಂದೇ ಲ್ಯಾಬ್ ಇರಲಿ. ಲ್ಯಾಬ್ ಬದಲಾದರೆ ವಿಧಾನವೂ ಬದಲಾಗಿ, ಹಳೇ ನಂಬರಿಗೂ ಹೊಸದಕ್ಕೂ ತಾಳೆಯಾಗದೆ ಹೋಗಬಹುದು. ಹಳೇ ರಿಪೋರ್ಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಡಾಕ್ಟರ್ ಮುಂದೆ ಇಡಿ.

ನಂಬರ್ ನಾರ್ಮಲ್ ಇದ್ದಾಗಲೂ ಕೆಲವರಲ್ಲಿ ಕ್ಯಾನ್ಸರ್ ಮರಳುತ್ತದೆ. ಹೆಚ್ಚಾಗಿ ಮರಳುವುದು ಮೊದಲ ಎರಡು ವರ್ಷದಲ್ಲಿ. ಆಗ 3ರಿಂದ 6 ತಿಂಗಳಿಗೊಮ್ಮೆ ಡಾಕ್ಟರ್ ಒಳಪರೀಕ್ಷೆ ಮಾಡಿ ನೋಡಲೇಬೇಕು. ಕೊಯ್ಲಿನ ದಿನಗಳಲ್ಲಿ ಕಷ್ಟವಾದರೆ ಫೋನ್ ಮಾಡಿ ತಾರೀಖು ನಾಲ್ಕು ದಿನ ಆಚೀಚೆ ಮಾಡಿಸಿಕೊಳ್ಳಿ. ಆದರೆ ರಕ್ತಸ್ರಾವ, ವಾಸನೆಯ ಸ್ರಾವ, ಬಿಡದ ಸೊಂಟನೋವು, ಒಂದೇ ಕಾಲು ಊದಿಕೊಳ್ಳುವುದು ಕಂಡರೆ ರಿಪೋರ್ಟಿಗೂ ಕಾಯಬೇಡಿ, ಆ ವಾರವೇ ಕರೆದುಕೊಂಡು ಹೋಗಿ.