ಸಿಎ 19-9 ಜಾಸ್ತಿ ಬಂದರೆ ಚಾಕ್ಕೆ ಸಕ್ಕರೆ ಬಿಡಬೇಕಾ?

ಪೆರ್ಲದ ಓದುಗರೊಬ್ಬರು ಕೇಳಿದ್ದಾರೆ: "ಅಪ್ಪನಿಗೆ ಕಾಮಾಲೆ. ಮಂಗಳೂರಿನಲ್ಲಿ ತೋರಿಸಿದಾಗ ಪಿತ್ತನಾಳದ ಕ್ಯಾನ್ಸರ್ ಇರಬಹುದು ಅಂದರು. ಸಿಎ 19-9 ಜಾಸ್ತಿ ಇದೆ, ಅದು ಸಕ್ಕರೆಯಂತೆ. ಚಾಕ್ಕೆ ಸಕ್ಕರೆ ಹಾಕುವುದು ನಿಲ್ಲಿಸಬೇಕಾ?"

ಇದಕ್ಕಾಗಿ ನಿಲ್ಲಿಸುವುದು ಬೇಡ. ಡಯಾಬಿಟಿಸ್ ಇದ್ದರೆ ಆ ಮಾತು ಬೇರೆ. ಸಿಎ 19-9 ಅಂದರೆ ಕ್ಯಾನ್ಸರಿನ ಸುಳಿವಿಗಾಗಿ ರಕ್ತದಲ್ಲಿ ಅಳೆಯುವ ಒಂದು ಗುರುತು. ಸಿಎ ಅಂದರೆ ಕಾರ್ಬೋಹೈಡ್ರೇಟ್ ಆಂಟಿಜೆನ್, ಆ ಹೆಸರು ಕೇಳಿದ ಕೂಡಲೇ ಎಲ್ಲರ ಕಣ್ಣೂ ಸಕ್ಕರೆ ಡಬ್ಬಿಯ ಮೇಲೆ ಹೋಗುತ್ತದೆ.

ತೋಟದಲ್ಲಿ ಅಡಿಕೆಯ ಹಿಂಗಾರ ನೋಡಿದ್ದೀರಲ್ಲ, ಒಂದು ದಂಟು, ಅದರಿಂದ ಕವಲು ಕವಲಾಗಿ ಇಳಿದ ಎಳೆಗಳು, ಎಳೆಯ ತುಂಬ ಮಣಿ. ಜೀವಕೋಶದ ಹೊರಮೈಯ ಪ್ರೋಟೀನುಗಳ ಮೇಲೂ ಸಕ್ಕರೆಯ ಎಳೆಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಒಂದೊಂದು ಮಣಿಯನ್ನೂ ಕೋಶದ ಕಿಣ್ವಗಳೇ ಜೋಡಿಸುತ್ತವೆ, ಚಾದ ಸಕ್ಕರೆ ಹೋಗಿ ಅಲ್ಲಿ ಕೂರುವುದಲ್ಲ. ಕ್ಯಾನ್ಸರ್ ಬಂದಾಗ ಈ ಕಿಣ್ವಗಳ ಕೆಲಸ ಏರುಪೇರಾಗಿ, ಎಳೆಯ ತುದಿಯಲ್ಲಿ ಫ್ಯೂಕೋಸ್, ಸಿಯಾಲಿಕ್ ಆಮ್ಲ ಎಂಬ ಮಣಿಗಳು ಜಾಸ್ತಿಯಾಗುವುದುಂಟು. ಸಿಎ 19-9 ಅಂಥದ್ದೇ ಒಂದು ತುದಿ. ಜಪಾನಿನ ಸಂಶೋಧಕರು ವಿಸ್ಟೀರಿಯಾ ಎಂಬ ಬಳ್ಳಿಯ ಬೀಜದ ಪ್ರೋಟೀನಿನಿಂದ ಪಿತ್ತನಾಳದ ಕ್ಯಾನ್ಸರಿನ ಇನ್ನೊಂದು ಬಗೆಯ ತುದಿಯನ್ನು ಹಿಡಿದಿದ್ದಾರೆ. ನಮ್ಮ ಅವರೆ, ಅಲಸಂಡೆಯ ಕುಟುಂಬದ ಬಳ್ಳಿ ಅದು!

ಈಗ ರಿಪೋರ್ಟಿಗೆ ಬರೋಣ. ಸಾಮಾನ್ಯವಾಗಿ 37 ಯೂನಿಟ್ಟಿನ ಒಳಗಿದ್ದರೆ ಸರಿ ಅನ್ನುತ್ತಾರೆ. ಆದರೆ ಒಳ್ಳೆಯ ಪಿತ್ತನಾಳದ ಕೋಶಗಳೂ ಇದನ್ನು ಸ್ವಲ್ಪ ಮಾಡುತ್ತವೆ, ಅದು ಪಿತ್ತದ ಜೊತೆ ಕರುಳಿಗೆ ಇಳಿದುಹೋಗುತ್ತದೆ. ನಾಳ ಕಟ್ಟಿದರೆ? ರಕ್ತಕ್ಕೆ ನುಗ್ಗುತ್ತದೆ. ನನ್ನ ಸೋದರಮಾವನಿಗೆ 600 ದಾಟಿ, ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ. ಕೊನೆಗೆ ನೋಡಿದರೆ ಬರೀ ಕಲ್ಲು. ಅದನ್ನು ತೆಗೆದು ತಿಂಗಳ ಮೇಲೆ ಪರೀಕ್ಷೆ ಮಾಡಿಸಿದಾಗ 22.

ಇದರ ಉಲ್ಟಾನೂ ಉಂಟು. ನೂರರಲ್ಲಿ ಐದರಿಂದ ಹತ್ತು ಜನರಿಗೆ ಈ ತುದಿ ಕಟ್ಟುವ ಕಿಣ್ವವೇ ಹುಟ್ಟಿನಿಂದ ಇರುವುದಿಲ್ಲ. ಲೂಯಿಸ್ ನೆಗೆಟಿವ್ ಅನ್ನುತ್ತಾರೆ. ಅವರಿಗೆ ಕ್ಯಾನ್ಸರ್ ಇದ್ದರೂ ಈ ಲೆಕ್ಕ ಏರದೇ ಇರಬಹುದು. ಹಾಗಾಗಿ ಈ ಒಂದೇ ಅಂಕಿ ಹಿಡಿದು ಹೌದು ಅಂತಲೂ ಹೇಳಲಾಗದು, ಅಲ್ಲ ಅಂತಲೂ ಹೇಳಲಾಗದು. ಸ್ಕ್ಯಾನ್ ಬೇಕು, ಎಷ್ಟೋ ಸಲ ತುಣುಕು ತೆಗೆದೂ ನೋಡಬೇಕು.

ನೀವು ಡಾಕ್ಟರ ಹತ್ತಿರ ಕೇಳಬೇಕಾದ್ದು ಇದು: ಸ್ಟೆಂಟ್ (ಕಟ್ಟಿದ ನಾಳ ತೆರೆದಿಡುವ ಸಣ್ಣ ಕೊಳವೆ) ಹಾಕಿ ಕಾಮಾಲೆ ಇಳಿದ ಮೇಲೆ ಸಿಎ 19-9 ಮತ್ತೊಮ್ಮೆ ಯಾವಾಗ ನೋಡುವುದು? ಅಷ್ಟರೊಳಗೆ ಹಸಿಮದ್ದು ಅಂತ ಸುಮ್ನೆ ದಿನ ಕಳೆಯಬೇಡಿ. ಊಟ ಸೇರದ ಹೊತ್ತಿನಲ್ಲಿ ಅಪ್ಪನವರಿಗೆ ಒಂದು ಗ್ಲಾಸು ಚಾ ರುಚಿಸುತ್ತದೆ ಅಂದರೆ, ಸಕ್ಕರೆ ಹಾಕಿಯೇ ಕೊಡಿ.