ಹುಯ್ದ ದೋಸೆಯಿಂದ ಹಿಟ್ಟು ತೆಗೆಯಿರಿ ಅಂದರೆ

ನಮ್ಮೂರ ಶಾಲೆಯ ಸ್ಮರಣ ಸಂಚಿಕೆಗೆ ಲೇಖನ ಒಟ್ಟು ಮಾಡುವ ಕೆಲಸ ಕಳೆದ ವರ್ಷ ನನ್ನ ತಲೆಗೆ ಬಂತು. ಬಂದಿದ್ದು 11 ಲೇಖನ. ನಾಲ್ಕು ಪಿಡಿಎಫ್, ಐದು ವರ್ಡ್ ಫೈಲು, ಒಂದು ಕೈಬರಹದ ಫೋಟೊ, ಒಂದು ವಾಟ್ಸಾಪ್ ಮೆಸೇಜು. ಪಿಡಿಎಫ್ ಕಳಿಸಿದ ನಾಲ್ವರದೂ ಒಂದೇ ಮಾತು: "ಪಿಡಿಎಫ್ ಮಾಡಿಬಿಟ್ಟಿದ್ದೀನಿ, ನಿಮಗೇನೂ ತೊಂದರೆ ಆಗಲ್ಲ."

ತೊಂದರೆ ಶುರುವಾಗಿದ್ದೇ ಅಲ್ಲಿ. ಒಂದು ಪಿಡಿಎಫ್ ತೆರೆದರೆ ಪರದೆ ಮೇಲೆ "ಸರ್ಕಾರಿ ಶಾಲೆ" ಅಂತ ಮುದ್ದಾಗಿ ಕಾಣುತ್ತಿತ್ತು. ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ "ಸಕಾರ್ರಿ ಶಾಲೆ". "ವರ್ಷ" ಹೋಗಿ "ವಷರ್" ಆಗಿತ್ತು. ಲೇಖನ ಪೂರ್ತಿ ಹೀಗೇ.

ಇದು ಆ ಲೇಖಕರ ತಪ್ಪಲ್ಲ, ಕಂಪ್ಯೂಟರ್ ಕೆಟ್ಟಿದ್ದೂ ಅಲ್ಲ. ಪಿಡಿಎಫ್ ಹುಟ್ಟಿದ್ದೇ ಬೇರೆ ಕೆಲಸಕ್ಕೆ. 1991ರಲ್ಲಿ ಅಡೋಬಿ ಕಂಪನಿಯ ಜಾನ್ ವಾರ್ನಾಕ್ 'ಕ್ಯಾಮಲಾಟ್' ಎಂಬ ಹೆಸರಿಟ್ಟು ಒಂದು ಪುಟ್ಟ ಟಿಪ್ಪಣಿ ಬರೆದರು. ಆಗ ಒಂದು ಕಂಪ್ಯೂಟರಿನಲ್ಲಿ ಮಾಡಿದ ಪುಟ ಇನ್ನೊಂದರಲ್ಲಿ ತೆರೆದರೆ ಚೆಲ್ಲಾಪಿಲ್ಲಿ ಆಗುತ್ತಿತ್ತು. ಯಾವ ಯಂತ್ರದಲ್ಲಿ ತೆರೆದರೂ, ಯಾವ ಪ್ರಿಂಟರಿಗೆ ಕೊಟ್ಟರೂ ಪುಟ ಒಂದೇ ಥರ ಕಾಣಬೇಕು. ಅವರ ಆಸೆ ಇಷ್ಟೇ. 1993ರಲ್ಲಿ ಪಿಡಿಎಫ್ ಬಂತು, 2008ರಲ್ಲಿ ಐಎಸ್ಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕವೂ ಆಯ್ತು. 'ಕಾಣಬೇಕು' ಅನ್ನುವ ಮಾತನ್ನು ಗಮನಿಸಿ. ತಿದ್ದಲು ಬರಬೇಕು ಅಂತ ಯಾರೂ ಕೇಳಿರಲಿಲ್ಲ.

ಹಾಗಾಗಿ ಪಿಡಿಎಫ್ ಒಳಗೆ ಇರುವುದು ಪದ, ವಾಕ್ಯ, ಪ್ಯಾರಾ ಅಲ್ಲ. "ಈ ಫಾಂಟಿನ 57ನೇ ಚಿತ್ರವನ್ನು ಎಡದಿಂದ ಇಷ್ಟು, ಕೆಳಗಿನಿಂದ ಇಷ್ಟು ದೂರದಲ್ಲಿ ಇಡು, ಅದರ ಪಕ್ಕ 112ನೆಯದು" ಎಂಬಂಥ ಆಜ್ಞೆಗಳ ಸಾಲು. ಹಳೇ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರಲ್ಲ, ಹಾಗೆ. ಮೊಳೆಗೆ ತಾನು ಯಾವ ಪದದಲ್ಲಿದ್ದೇನೆ ಅಂತ ಗೊತ್ತಿಲ್ಲ. ಅಥವಾ ರಂಗೋಲಿ ಅಂದುಕೊಳ್ಳಿ: ಬಿಡಿಸಿ ಮುಗಿದ ಮೇಲೆ ಮೊದಲು ಎಳೆದ ಗೆರೆ ಯಾವುದು ಅಂತ ನೋಡಿ ಹೇಳೋಕಾಗುತ್ತಾ? ನನಗೆ ಇಷ್ಟವಾದ ಹೋಲಿಕೆ ದೋಸೆಯದು. ವರ್ಡ್ ಫೈಲು ಹಿಟ್ಟು, ಪಿಡಿಎಫ್ ಹುಯ್ದ ದೋಸೆ. ಹಿಟ್ಟಿಗೆ ಇನ್ನೊಂಚೂರು ಉಪ್ಪು ಹಾಕಬಹುದು, ಬೇಡ ಅಂದರೆ ಪಡ್ಡು ಮಾಡಬಹುದು. ದೋಸೆ ತಿನ್ನೋಕೆ ಮಾತ್ರ.

ಕನ್ನಡಕ್ಕೆ ಇದರ ಪೆಟ್ಟು ಜಾಸ್ತಿ. "ಸರ್ಕಾರಿ" ಅಂತ ನೀವು ಟೈಪ್ ಮಾಡುವಾಗ ಕಂಪ್ಯೂಟರಿನ ನೆನಪಿನಲ್ಲಿ ರ್ ಮೊದಲು, ಕಾ ಆಮೇಲೆ. ನಾವು ಉಚ್ಚರಿಸುವ ಕ್ರಮವೇ. ಆದರೆ ಬರೆಯುವಾಗ ಅರ್ಕಾವತ್ತು 'ಕಾ' ದಾಟಿ ಆಚೆ ಕೂರುತ್ತದೆ. ಪಿಡಿಎಫ್ ಮಾಡುವ ಸಾಫ್ಟ್‌ವೇರ್ ಕಣ್ಣಿಗೆ ಕಾಣುವ ಕ್ರಮದಲ್ಲಿ ಚಿತ್ರ ಜೋಡಿಸುತ್ತದೆ: ಸ, ಕಾ, ಅರ್ಕಾವತ್ತು, ರಿ. ಯಾವ ಚಿತ್ರ ಯಾವ ಅಕ್ಷರ ಅಂತ ಹೇಳುವ ಪಟ್ಟಿಯೊಂದನ್ನು ಪಿಡಿಎಫ್ ಒಳಗೇ ಇಡಬಹುದು. ಇಟ್ಟರೂ ಕಾಪಿ ಮಾಡಿದಾಗ ಬಹಳ ಸಲ ಅದೇ ಕ್ರಮದಲ್ಲಿ ಹೊರಗೆ ಬರುತ್ತದೆ. ಆಗಲೇ ಈ 'ಸಕಾರ್ರಿ'. ಇಂಥ ಪಿಡಿಎಫ್‌ನಲ್ಲಿ "ಸರ್ಕಾರಿ" ಅಂತ ಹುಡುಕಿದರೆ ಸಿಗುವುದೂ ಇಲ್ಲ. ಕಣ್ಣೆದುರೇ ಇರುತ್ತದೆ, ಇಲ್ಲ ಅನ್ನುತ್ತದೆ!

ಹಾಗಾದರೆ ವರ್ಡ್ ಫೈಲು ಕಳಿಸಿದ ಐವರು ಬುದ್ಧಿವಂತರೇ? ಇಬ್ಬರು ಮಾತ್ರ.

ಸುಮ್ನೆ ಒಂದು ಆಟ ಆಡಿ ನೋಡಿ. ಡಾಕ್ಸ್ ಫೈಲೊಂದನ್ನು (ಹೆಸರು .docx ಅಂತ ಮುಗಿಯುವ ವರ್ಡ್ ಫೈಲು) ನಕಲು ಮಾಡಿಕೊಂಡು, ಹೆಸರಿನ ಕೊನೆಯ ಬಾಲ ತೆಗೆದು 'ಜಿಪ್' ಅಂತ ಹಾಕಿ ತೆರೆಯಿರಿ. ತೆರೆದುಕೊಳ್ಳುತ್ತದೆ! ಆಫೀಸ್ 2007ರಿಂದ ವರ್ಡ್ ಫೈಲು ಅಂದರೆ ಜಿಪ್, ಹಲವು ಫೈಲು ಸೇರಿಸಿ ಕಟ್ಟಿದ ಒಂದು ಗಂಟು. ಒಳಗೆ ಬರಹ ಒಂದು ಕಡತ, ಚಿತ್ರಗಳದೊಂದು ಪೆಟ್ಟಿಗೆ, ಅಲಂಕಾರದ ವಿವರ ಬೇರೆ. ಫೈಲಿನ ಮೊದಲೆರಡು ಅಕ್ಷರ 'ಪಿಕೆ'. ಜಿಪ್ ರೂಪ ಕೊಟ್ಟ ಫಿಲ್ ಕಾಟ್ಜ್ ಅವರ ಇನಿಷಿಯಲ್ಸ್. ಪ್ರತಿ ಡಾಕ್ಸ್ ಫೈಲಿನ ಹಣೆಯಲ್ಲೂ ಅವರ ರುಜು ಇದೆ ಅನ್ನೋದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಆದರೆ ಗಂಟಿನಲ್ಲಿ ಫಾಂಟ್ ಸಾಮಾನ್ಯವಾಗಿ ಇರುವುದಿಲ್ಲ, ಬರೀ ಅದರ ಹೆಸರಿರುತ್ತದೆ. ಉಳಿದ ಮೂವರು ಬರೆದಿದ್ದು 'ನುಡಿ 01 ಇ' ಫಾಂಟಿನಲ್ಲಿ. ನನ್ನ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ತೆರೆದರೆ ಟೋಪಿ, ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. "ಕನ್ನಡ" ಅನ್ನುವಲ್ಲಿ ಏಳು ಗುರುತು: ಪಿ, ತಲೆಗೆರೆ ಹೊತ್ತ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಎ, ಒಂದು ಜರ್ಮನ್ ಅಕ್ಷರ, ಕ್ಯೂ, ಮತ್ತೆ ಎ. ಆ ಫಾಂಟಿನಲ್ಲಿ ಪಿ ಜಾಗದಲ್ಲಿ 'ಕ'ದ ಮೈ ಬರೆದಿಟ್ಟಿದ್ದಾರೆ, ಎ ಜಾಗದಲ್ಲಿ ತಲೆಕಟ್ಟು. ಅಂದರೆ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಿಲ್ಲ. ಇಂಗ್ಲಿಷಿಗೆ ಕನ್ನಡದ ವೇಷ.

ಇದನ್ನು ಬೈಯಬೇಡಿ. ಪ್ರತಿ ಅಕ್ಷರಕ್ಕೂ ಲೋಕಕ್ಕೆಲ್ಲ ಒಂದೇ ಸಂಖ್ಯೆ ಕೊಡುವ ಪಟ್ಟಿ ಯೂನಿಕೋಡ್. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ನಿಜ. 'ಕ' ಅಂದರೆ 3221, ಲೋಕದ ಯಾವ ಮೂಲೆಯಲ್ಲೂ. ಆದರೆ ವಿಂಡೋಸ್‌ಗೆ ಕನ್ನಡ ಜೋಡಿಸಲು ಬಂದಿದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ ಪತ್ರ, ಪುಸ್ತಕ, ಪತ್ರಿಕೆ ನಿಲ್ಲಿಸಿ ಕೂರೋಕಾಗುತ್ತಾ? ಈ ವೇಷದ ಫಾಂಟುಗಳೇ ಕನ್ನಡವನ್ನು ಕಂಪ್ಯೂಟರಿಗೆ ತಂದವು. ನನ್ನ ತಕರಾರು ಇವತ್ತೂ ಅದರಲ್ಲೇ ಬರೆದು "ವರ್ಡ್‌ನಲ್ಲೇ ಇದೆಯಲ್ಲ" ಅನ್ನುವವರ ಬಗ್ಗೆ. ಫೈಲಿನ ಬಾಲ ನೋಡಿದರೆ ಸಾಲದು, ಒಳಗಿನ ಅಕ್ಷರ ಯಾವುದು ಅಂತಲೂ ನೋಡಬೇಕು. ಯೂನಿಕೋಡ್ ಆಗಿದ್ದರೆ ಫಾಂಟ್ ಇಲ್ಲದಿದ್ದರೂ ಬೇರೆ ಕನ್ನಡ ಫಾಂಟು ಬಂದು ಕೂರುತ್ತದೆ. ಅಂದ ಕೆಡಬಹುದು, ಅಕ್ಷರ ಉಳಿಯುತ್ತದೆ. ಪರಿವರ್ತಕ ಬಳಸಿ ಆ ಮೂರನ್ನೂ ಯೂನಿಕೋಡ್‌ಗೆ ತಂದೆ.

ನಾಲ್ಕು ಜನ ಕೂತು ಒಂದೇ ಬರಹ ತಿದ್ದಬೇಕೆಂದರೆ ಗೂಗಲ್ ಡಾಕ್ಸ್‌ನಂಥದು ಸಲೀಸು. 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್' ಅಂತ ಫೈಲುಗಳು ಮರಿ ಹಾಕುವುದಿಲ್ಲ. ವರ್ಡ್ ಥರದ್ದೇ ಉಚಿತ ಸಾಫ್ಟ್‌ವೇರ್ ಲಿಬ್ರೆ ಆಫೀಸ್ ಇರುವವರಿಗೆ ಒಡಿಟಿ ಅನ್ನುವ ಫೈಲಿನ ರೂಪ ಇದೆ, ಅದೂ ಐಎಸ್ಒ ಮಾನಕವೇ. ಎಲ್ಲ ತಿದ್ದಿ ಮುಗಿದು ಪ್ರೆಸ್ಸಿಗೆ ಹೋಗುವಾಗ ಪಿಡಿಎಫ್ ಮಾಡಿ. ಅಲ್ಲಿ ಅದಕ್ಕೆ ಸಾಟಿಯಿಲ್ಲ.

ಆ ವಾಟ್ಸಾಪ್ ಮೆಸೇಜು ನಮ್ಮ ಹಳೇ ಕನ್ನಡ ಮೇಷ್ಟ್ರದು. ಫೋನಿನಲ್ಲೇ ಟೈಪ್ ಮಾಡಿ ಆರು ತುಂಡಾಗಿ ಕಳಿಸಿದ್ದರು. ಕೊನೆಗೊಂದು ಸಾಲು: "ಫೈಲು ಗೀಲು ಮಾಡೋಕೆ ಬರಲ್ಲಪ್ಪ, ಬೇಜಾರು ಮಾಡ್ಕೋಬೇಡ." ಫೋನಿನ ಕೀಲಿಮಣೆ ಬರೆಯುವುದು ಯೂನಿಕೋಡನ್ನೇ. ಹನ್ನೊಂದರಲ್ಲಿ ಒಂದಕ್ಷರವೂ ಚದುರದೆ ಎರಡು ನಿಮಿಷದಲ್ಲಿ ಪುಟಕ್ಕೆ ಬಂದು ಕೂತಿದ್ದು ಅವರ ಲೇಖನ.